ಆಮ್ರಪಾಲಿಗೆ ಓದುವ ದನಿ

ಜನವರಿ ೧೦, ಶುಕ್ರವಾರ

ಇವತ್ತಿನಿಂದ ನನಗೆ ಮಾತಿಲ್ಲ.

ಆಪರೇಷನ್ ಮುಗಿದು ನಾನು ಕಣ್ಣು ಬಿಟ್ಟಾಗ ಡಾಕ್ಟರು ಮಂಚದ ಪಕ್ಕದಲ್ಲೇ ನಿಂತಿದ್ದರು. "ಟೀಚರ್, ನಾ ಹೇಳೂ ತನಕಾ ಒಂದಕ್ಷರ ಮಾತಾಡಬಾರ್ದ್ರಿ. ಪಿಸುಮಾತು ಸುದ್ದಾ ಬ್ಯಾಡ. ಅದರಿಂದ ಗಂಟಲಾ ಇನ್ನಷ್ಟು ದಣೀತೈತಿ" ಎಂದರು. ಧ್ವನಿತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದು ತಪಾಸಣೆಗೆ ಕಳಿಸಿದ್ದಾರಂತೆ. ಯಾತರ ತಪಾಸಣೆ ಎಂದು ಅವರು ಹೇಳಲಿಲ್ಲ. ನಾನು ಕೇಳುವ ಹಾಗಿರಲಿಲ್ಲ. ನನ್ನ ಯಜಮಾನರು, ಇವರು ಕೇಳಬಹುದಿತ್ತು, ಕೇಳದೆ ಔಷಧದ ಚೀಟಿಯನ್ನು ಮಡಚಿ ಮಡಚಿ ಜೇಬಿಗೆ ಇಟ್ಟುಕೊಂಡರು. ದಿನವೆಲ್ಲ ಬಸ್ಸಿನಲ್ಲಿ ಜನರೊಡನೆ ವಾದ ಮಾಡುವ ಕಂಡಕ್ಟರ್ ಪರಮೇಶ್ವರ, ಡಾಕ್ಟರ ಮುಂದೆ ಬಾಯಿ ಬಿಡಲಿಲ್ಲ. ಅಂದರೆ ಇವರಿಗೂ ನನ್ನದೇ ಭಯ.

ಸಂಜೆ ತಿಕೋಟಾಕ್ಕೆ ಬಂದು ಮನೆ ಮುಟ್ಟಿದಾಗ ಆಮ್ರಪಾಲಿ ಕಟ್ಟೆಯ ಮೇಲೆ ಕೂತಿದ್ದಳು. "ಅವ್ವಾ, ಬಂದ್ಯಾ?" ಎಂದಳು. ನಾನು ಸುಮ್ಮನೆ ನಿಂತೆ. "ಅವ್ವಾ?" ಎಂದು ಇನ್ನೊಮ್ಮೆ ಕೇಳುವಾಗ ಅವಳ ಮುಖ ಬೇರೆಯಾಯಿತು. ಹೋಗಿ ಹೆಗಲು ಮುಟ್ಟಿದೆ. ಯಾರೋ ಹೊಡೆದ ಹಾಗೆ ಬೆಚ್ಚಿಬಿದ್ದಳು.

ಹುಟ್ಟಿದಾಗಿನಿಂದ ಕಣ್ಣಿಲ್ಲದ ನನ್ನ ಮಗಳಿಗೆ ಇಪ್ಪತ್ತು ವರ್ಷ ನಾನೆಂದರೆ ಒಂದು ದನಿ. ಅದು ಹೋದರೆ ಅವಳಿಗೆ ನಾನು ಎಲ್ಲಿದ್ದೇನೆ?

ಯಾರಿಗೂ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜನವರಿ ೧೨, ಭಾನುವಾರ

ಹೊನವಾಡದಿಂದ ಅತ್ತೆ ತಿಪ್ಪವ್ವ ಬಂದಿದ್ದಾರೆ. ನಾನು ಕೈಸನ್ನೆ ಮಾಡುವುದು, ಅವರು ಅದನ್ನು ಬಾಯಲ್ಲಿ ಆಮ್ರಾಳಿಗೆ ಹೇಳುವುದು ಎಂದು ಏರ್ಪಾಡಾಯಿತು. ಬೆಳಿಗ್ಗೆ ನಾನು ಗಂಟಲು ಮುಟ್ಟಿ, ಬಾಯಿಗೆ ಬೆರಳು ತೋರಿಸಿ ಗುಳಿಗೆ ಎಲ್ಲಿ ಎಂದು ಕೇಳಿದೆ. ಅತ್ತೆ, "ನಿಮ್ಮವ್ವಗ ಹೋಳಗಿ ಬೇಕಂತ" ಎಂದು ಕೂಗಿದರು. ಆಮ್ರಾ ಬಿದ್ದು ಬಿದ್ದು ನಕ್ಕಳು. ನಾನೂ ನಗಲು ಬಾಯಿ ತೆರೆದವಳು ಗಾಬರಿಯಾಗಿ ಕೈಯಿಂದ ಮುಚ್ಚಿಕೊಂಡೆ. ನಗುವುದಕ್ಕೆ ಪರವಾನಗಿ ಇದೆಯೋ ಇಲ್ಲವೋ ಗೊತ್ತಿಲ್ಲ.

ಕಡೆಗೆ ಆಮ್ರಾಳೇ ಉಪಾಯ ಹೇಳಿದಳು. "ಒಂದ್ ಚಪ್ಪಾಳಿ ಅಂದ್ರ ಹೌದು. ಎರಡ್ ಅಂದ್ರ ಇಲ್ಲ. ಸಿಟ್ ಬಂದ್ರ ಊಟದ ಗಂಗಾಳ ಬಡಿ."

ದಿನಾ ಸಂಜೆ ನಾವಿಬ್ಬರೂ ಸೇರಿ ಹೇಳುವ ವಂದನೆಯನ್ನು ಇವತ್ತು ಅವಳೊಬ್ಬಳೇ ಹೇಳಿದಳು. ನಾನು ಹೇಳಬೇಕಾದ ಜಾಗದಲ್ಲಿ ಒಂದಿಷ್ಟು ನಿಂತು, ಮತ್ತೆ ತಾನೇ ಹೇಳಿ ಮುಂದೆ ಹೋದಳು.

ಫೆಬ್ರುವರಿಯಲ್ಲಿ ಅವಳಿಗೆ ಬಿ.ಎ. ಮೂರನೆಯ ಸೆಮಿಸ್ಟರಿನ ಪರೀಕ್ಷೆ. ಒಂದನೆಯ ಇಯತ್ತೆಯಿಂದ ಅವಳ ಪುಸ್ತಕಗಳೆಲ್ಲ ನನ್ನ ಬಾಯಿಂದಲೇ ಹೋಗಿವೆ. ಹಗಲು ಅರಕೇರಿ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವುದು, ಸಂಜೆ ಮನೆಗೆ ಬಂದು ಅವಳ ಪಾಠ ಓದಿ ಫೋನಿನಲ್ಲಿ ತುಂಬಿಕೊಡುವುದು. ದೀಪಾವಳಿಯ ಹೊತ್ತಿಗೆ ದನಿ ಒಡೆಯಿತು. ಅರ್ಥಶಾಸ್ತ್ರ ಅರ್ಧಕ್ಕೇ ನಿಂತಿದೆ. ಇನ್ನರ್ಧವನ್ನು ಓದಿ ಹೇಳುವವರಿಲ್ಲ. ಇವರು ಪುಣೆ ಬಸ್ಸಿಗೆ ಹೋದರೆ ಎರಡು ದಿನ ಬರುವುದಿಲ್ಲ. ಅತ್ತೆಗೆ ಅಕ್ಷರ ಬರುವುದಿಲ್ಲ.

ಜನವರಿ ೧೪, ಮಂಗಳವಾರ

ಹಬ್ಬದ ದಿನ ಫೋನಿನಲ್ಲಿ ಮಾತಾಡಿದೆವು. ನಾನು ಅಡುಗೆಮನೆಯಲ್ಲಿ ಟೈಪ್ ಮಾಡಿ ಕಳಿಸಿದರೆ ಪಡಸಾಲೆಯಲ್ಲಿ ಅವಳ ಫೋನು ಅದನ್ನು ಓದುತ್ತದೆ. ಯಾರೋ ಪರ ಊರಿನ ಹೆಂಗಸು ಕಾಗದ ಓದಿದ ಹಾಗೆ, ಏರಿಲ್ಲ, ಇಳಿವಿಲ್ಲ. 'ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು' ಎಂದು ಕಳಿಸಿದೆ. "ಅವ್ವಾ, ನೀ ಆಫೀಸರ್ ಆದಂಗ ಆಗೀದಿ" ಎಂದು ಆಮ್ರಾ ನಕ್ಕಳು. ನನಗೆ ನಗು ಬರಲಿಲ್ಲ. ಅದು ನಾನಲ್ಲ.

ಮಧ್ಯಾಹ್ನ ಕಾಲೇಜಿನ ಹಣಮಂತರಾಯ ಸರ್ ಅರ್ಥಶಾಸ್ತ್ರದ ನೋಟ್ಸ್ ಕಳಿಸಿದರು. ನಾನು ತೆರೆದು ನೋಡಿದೆ. ಚೆಂದದ ಕನ್ನಡ ಅಕ್ಷರ. ದೇವರು ದೊಡ್ಡವನು ಎಂದುಕೊಂಡೆ. ಆಮ್ರಾ ತನ್ನ ಫೋನಿನಲ್ಲಿ ತೆರೆದಳು. ಅದು "ಎ, ಪ್ಲಸ್, ಪೌಂಡ್, ಕ್ಯೂ" ಎಂದು ಏನೇನೋ ಇಂಗ್ಲಿಷ್ ಅಕ್ಷರ, ಗುರುತುಗಳನ್ನು ಉಗುಳತೊಡಗಿತು. ಮೈಮೇಲೆ ಏನೋ ಬಂದವರು ಒದರಿದ ಹಾಗಿತ್ತು. ಇನ್ನೊಂದು ಫೈಲು ಪುಸ್ತಕದ ಪುಟಗಳ ಫೋಟೋ. ಅದನ್ನು ತೆರೆದರೆ ಫೋನು "ಚಿತ್ರ" ಎಂದಿತು. ಮುಂದಿನ ಪುಟ, "ಚಿತ್ರ". ಅದರ ಮುಂದಿನದು, "ಚಿತ್ರ".

ಆಮ್ರಾ ಫೋನನ್ನು ಹಾಸಿಗೆಯ ಮೇಲೆ ಒಗೆದಳು. "ಎಲ್ಲಾರಿಗೂ ನೋಟ್ಸ್ ಬಂದಾವ ಬೇ, ನನಗಷ್ಟ ಚಿತ್ರ ಬಂದಾವ."

ನಾನು ಗಂಗಾಳ ಬಡಿಯಬೇಕಿತ್ತು. ಫೋನನ್ನು ಎತ್ತಿ ಚಾರ್ಜಿಗೆ ಹಚ್ಚಿದೆ.

ಜನವರಿ ೧೬, ಗುರುವಾರ

ಆಮ್ರಾಳ ಗೆಳತಿಯೊಬ್ಬಳು ಹೇಳಿದ ಗುರುತಿನ ಮೇಲೆ ವಿಜಯಪುರದಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಕೇಂದ್ರ ಹುಡುಕಿದೆವು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮಾಳಿಗೆಯ ಮೇಲೆ ಒಂದು ಕೋಣೆ. ಕಲಿಸುವವರ ಹೆಸರು ಅಕೀಬ. ಅವರಿಗೂ ಕಣ್ಣಿಲ್ಲ. ಆಮ್ರಾಳನ್ನು ಕಾಲೇಜಿಗೆ ಬಿಟ್ಟು ನಾನೊಬ್ಬಳೇ ಹೋಗಿದ್ದೆ. ಬಾಗಿಲಲ್ಲಿ ನಿಂತ ಮೇಲೆ ತಪ್ಪು ತಿಳಿಯಿತು.

"ಯಾರ್ರಿ?" ಎಂದರು. ನಾನು ಹೇಗೆ ಹೇಳಲಿ?

"ಯಾರ ನಿಂತೀರಿ ಅಲ್ಲಿ? ಮಾತಾಡ್ರಿ." ದನಿ ಬಿಗಿಯಾಯಿತು. ಅವರು ಎದ್ದು ನಿಂತರು. ಗೋಡೆ ಹಿಡಿದರು. ನನ್ನಿಂದ ಒಬ್ಬ ಮನುಷ್ಯನಿಗೆ ತನ್ನ ಕೋಣೆಯಲ್ಲೇ ಹೆದರಿಕೆಯಾಗುತ್ತಿತ್ತು. ಫೋನು ತೆಗೆದು, ಹೇಗೋ ಟೈಪ್ ಮಾಡಿ, ದೊಡ್ಡದಾಗಿ ಓದಿಸಿದೆ: 'ನಾನು ಸುಮಂಗಲಾ, ಅರಕೇರಿ ಶಾಲೆಯ ಟೀಚರ್. ಮಗಳು ಆಮ್ರಪಾಲಿಗೆ ಕಣ್ಣಿಲ್ಲ. ಗಂಟಲ ಆಪರೇಷನ್ ಆಗಿದೆ. ಮಾತಾಡುವಂತಿಲ್ಲ.'

ಅವರು ಕುರ್ಚಿಗೆ ಕುಸಿದು ಕೂತರು. "ಅಲ್ರೀ ಟೀಚರ್, ಜೀವಾ ಬಾಯಿಗೆ ಬಂದಿತ್ತಲ್ರಿ! ಬರ್ರಿ, ಬರ್ರಿ, ಕುಂದರ್ರಿ."

ನೋಟ್ಸನ್ನು ಅವರ ಫೋನಿಗೆ ಕಳಿಸಿದೆ. ತೆರೆದು ಕೇಳಿ, ಬಿಡಿಸಿ ಹೇಳಿದರು. ಸರ್ ಕಳಿಸಿದ ಫೈಲು ಹಳೆಯ ಕಾಲದ ಫಾಂಟಿನಲ್ಲಿದೆಯಂತೆ. "ನಿಮ್ಮ ಕಣ್ಣಿಗೆ ಕನ್ನಡ. ಒಳಗ ಕುಂತಿದ್ದು ಇಂಗ್ಲಿಷ್ ಗುರ್ತು. ಫೋನು ಒಳಗಿದ್ದದ್ದ ಓದತೈತಿ, ಅದರ ತಪ್ಪಿಲ್ಲ. ಎಲ್ಲಾ ಫೋನಿಗೂ ತಿಳಿಯೂ ಅಕ್ಷರ ಯೂನಿಕೋಡು, ಅದಕ್ಕ ತಿರುವಬೇಕು. ಫೋಟೋ ಇದ್ದದ್ದಕ್ಕ ಅಕ್ಷರ ತೆಗೆಯೂ ಆ್ಯಪ್ ಐತಿ. ಆದ್ರ ಟೀಚರ್, ಎರಡೂ ತಪ್ಪು ಮಾಡತಾವು. ಒಬ್ಬರು ಕಣ್ಣಿದ್ದವರು ಕುಂತು ಸಾಲ್ ಸಾಲ್ ತಿದ್ದಬೇಕು. ಪಾಠದ ಹೆಸರನ್ನ ಬರೇ ದಪ್ಪ ಮಾಡಬ್ಯಾಡ್ರಿ, ಶೀರ್ಷಿಕೆ ಅಂತ ಗುರುತು ಮಾಡ್ರಿ. ಆಗ ಆಕಿ ಒಂದ್ ಪಾಠದಿಂದ ಇನ್ನೊಂದಕ್ಕ ಜಿಗದ ಹೋಗತಾಳ. ಇಲ್ಲಂದ್ರ ಮೊದಲಿಂದ ಕೇಳಕೋತ ಬರಬೇಕು."

ಎಷ್ಟು ದಿನ ಬೇಕು ಎಂದು ಟೈಪ್ ಮಾಡಿದೆ. "ಕೈ ಕುಂತರ ಬೇಗ ಆಗತೈತ್ರಿ" ಎಂದರು. ನನ್ನಲ್ಲಿ ಎಷ್ಟು ದಿನ ಇವೆ ಎಂದು ಯಾರನ್ನು ಕೇಳಲಿ?

ಜನವರಿ ೨೦, ಸೋಮವಾರ

ಅತ್ತೆ ಹೊನವಾಡಕ್ಕೆ ಹೋಗಿದ್ದಾರೆ. ಆಮ್ರಾ ಸ್ನಾನಕ್ಕೆ ಹೋಗಿದ್ದಳು. ಫೋನು ರಿಂಗಾಯಿತು. ಆಸ್ಪತ್ರೆಯ ನಂಬರು. ಎತ್ತಿ ಕಿವಿಗಿಟ್ಟೆ. "ಸುಮಂಗಲಾ ಅವರಾ? ನಿಮ್ಮ ಗಂಟಲಿನ ರಿಪೋರ್ಟಿನ ವಿಷಯ ಮಾತಾಡಬೇಕಿತ್ತು. ಹಲೋ?" ನಾನು ಫೋನಿನ ಮೇಲೆ ಉಗುರಿನಿಂದ ಬಡಿದೆ. "ಹಲೋ? ಕೇಳಸ್ತೈತ್ರಿ? ರಿಪೋರ್ಟಿನಾಗ..." ಮತ್ತೆ ಬಡಿದೆ. ಚಪ್ಪಾಳೆ ಹೊಡೆದೆ. "ಲೈನ್ ಸರಿ ಇಲ್ಲ" ಎಂದು ಆ ಹುಡುಗಿ ಯಾರಿಗೋ ಹೇಳಿದ್ದು ಕೇಳಿಸಿತು. ಇಟ್ಟುಬಿಟ್ಟಳು.

ರಿಪೋರ್ಟಿನಾಗ ಏನು?

ಬಚ್ಚಲ ಬಾಗಿಲು ಬಡಿದೆ. ಆಮ್ರಾ ಒದ್ದೆ ತಲೆಯಲ್ಲೇ ಬಂದು ತಿರುಗಿ ಫೋನ್ ಮಾಡಿದಳು. ಬೇರೆ ಯಾರೋ ಎತ್ತಿದರು. ಮೊದಲ ಲ್ಯಾಬಿನವರಿಗೆ ಖಾತ್ರಿಯಾಗಲಿಲ್ಲ, ಹುಬ್ಬಳ್ಳಿಯ ಇನ್ನೊಂದು ಲ್ಯಾಬಿಗೆ ಕಳಿಸಿದ್ದಾರೆ, ತಡವಾಗುತ್ತದೆ ಎಂದರಂತೆ. ಆಮ್ರಾ, "ನಮ್ಮವ್ವ ಮಾತಾಡಂಗಿಲ್ರಿ. ಇನ್ನ ಮ್ಯಾಲೆ ಏನಿದ್ದರೂ ನನ್ನ ನಂಬರಿಗೆ ಕಳಸ್ರಿ" ಎಂದು ತನ್ನ ನಂಬರು ಕೊಟ್ಟಳು.

ನಾನು ಎರಡು ಚಪ್ಪಾಳೆ ಹೊಡೆದೆ. ಬೇಡ, ಅವಳ ಫೋನಿಗೆ ಬೇಡ. ಅವಳು ಕೇಳಿಸಿಕೊಳ್ಳದವಳ ಹಾಗೆ ತಲೆ ಒರೆಸಿಕೊಂಡಳು.

ಖಾತ್ರಿಯಾಗಲಿಲ್ಲ ಎಂದರೆ ಏನರ್ಥ? ಒಳ್ಳೆಯದಾಗಿದ್ದರೆ ಖಾತ್ರಿಯಾಗುತ್ತಿರಲಿಲ್ಲವೇ?

ಜನವರಿ ೨೧, ಮಂಗಳವಾರ

ಭಯ.

ಜನವರಿ ೨೪, ಶುಕ್ರವಾರ

ಕೂತು ತಿದ್ದುತ್ತಿದ್ದೇನೆ. ರಜೆಯಲ್ಲಿರುವವಳಿಗೆ ಬೇರೆ ಕೆಲಸವೇನು? ಆ್ಯಪು 'ಬೆಲೆ' ಇದ್ದಲ್ಲಿ 'ಬಲೆ' ಮಾಡಿದೆ. 'ಬಲೆ ಏರಿದಂತೆ ಬೇಡಿಕೆ ಇಳಿಯುತ್ತದೆ.' ತಿದ್ದುವಷ್ಟು ಹೊತ್ತು ಗಂಟಲಿನ ನೆನಪು ಬರುವುದಿಲ್ಲ. ನಿಲ್ಲಿಸಿದ ಕೂಡಲೇ ಉಗುಳು ನುಂಗಿ ನೋಡುತ್ತೇನೆ, ಏನಾದರೂ ಅಡ್ಡ ಬರುತ್ತದೆಯೇ ಎಂದು.

ಮೊದಲ ರೇಖಾಚಿತ್ರ ಬಂತು. ಹೀಗೆ ಬರೆದೆ: 'ಇಲ್ಲಿ ಒಂದು ಚಿತ್ರವಿದೆ. ಎರಡು ನೇರ ಗೆರೆಗಳ ನಡುವೆ ನೀಲಿ ಬಣ್ಣದ ಒಂದು ಗೆರೆ ಇದೆ.'

ಆಮ್ರಾ ಕೇಳಿ, "ನೀಲಿ ತಗೊಂಡ ನಾ ಏನ್ ಮಾಡ್ಲಿ ಬೇ?" ಎಂದಳು. ಆಮೇಲೆ, "ಅರ್ಥಶಾಸ್ತ್ರದಾಗ ಚಿತ್ರ ಇರತಾವೇನು? ನೀ ಓದಿದ್ರಾಗ ಒಂದೂ ಇದ್ದಿಲ್ಲಲ್ಲ" ಎಂದಳು.

ಒಂದು ಚಪ್ಪಾಳೆ ಹೊಡೆದೆ. ಬಹಳ ಮೆಲ್ಲಗೆ. ಓದುವಾಗ ಚಿತ್ರ ಬಂದರೆ ನಾನು ದಾಟಿಬಿಡುತ್ತಿದ್ದೆ.

ಅಕೀಬ ಸರ್‌ಗೆ ಮೆಸೇಜು ಮಾಡಿ ಕೇಳಿದೆ. ಅವರು ದನಿಯಲ್ಲೇ ಉತ್ತರ ಕಳಿಸಿದರು: "ಟೀಚರ್, ಚಿತ್ರ ಹ್ಯಾಂಗ ಕಾಣತೈತಿ ಅಂತ ಬರೀಬ್ಯಾಡ್ರಿ. ಚಿತ್ರ ಏನ್ ಹೇಳಾಕತ್ತೈತಿ ಅದನ್ನ ಮೊದಲ ಹೇಳ್ರಿ. ಆಮ್ಯಾಲೆ ಅಡ್ಡಗೆರಿ ಯಾವುದು, ನಿಂತ ಗೆರಿ ಯಾವುದು, ನಡುವಿನ ಗೆರಿ ಎಲ್ಲಿಂದ ಎಲ್ಲಿಗೆ ಹೋತು. ಅಷ್ಟು ಸಾಕು."

ತಿರುಗಿ ಬರೆದೆ. ಬರೆದದ್ದು ಸಾಲದು ಅನ್ನಿಸಿ, ರಟ್ಟಿನ ಮೇಲೆ ಗೋಂದು ಹಚ್ಚಿ ಉಣ್ಣೆಯ ದಾರ ಅಂಟಿಸಿದೆ. ಆಮ್ರಾ ಬೆರಳಿಟ್ಟು ಎಡದ ಮೇಲಿನಿಂದ ಬಲದ ಕೆಳಕ್ಕೆ ಸವರಿಕೊಂಡು ಬಂದಳು. ಮತ್ತೆ ಮೇಲಕ್ಕೆ ಹೋದಳು. "ದ್ರಾಕ್ಷಿ ತುಟ್ಟಿ ಆದ್ರ ತಗೊಳ್ಳಾವ್ರು ಕಡಿಮಿ. ಅಗ್ಗ ಆದ್ರ ಭಾಳ ಮಂದಿ. ಇಷ್ಟ ಏನು? ಹಣಮಂತರಾಯ ಸರ್ ಇಷ್ಟ್ ದಿನಾ ಬೋರ್ಡಿನ ಮ್ಯಾಲೆ ಗೀಚಿ 'ಇದು ಹೀಂಗ ಬರತೈತಿ, ನೋಡ್ರಿ' ಅಂತಿದ್ದರು. 'ಹೀಂಗ' ಅಂದ್ರ ಹ್ಯಾಂಗ ಅಂತ ಸಾಕಾಗಿ ಹೋಗಿತ್ತು ನನಗ."

ಜನವರಿ ೨೫, ಶನಿವಾರ

ಆಮ್ರಾ ಇವತ್ತು ತರಗತಿಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟಿದ್ದಾಳೆ. "ಸರ್, 'ಹೀಂಗ' ಅನಬ್ಯಾಡ್ರಿ. ಎಲ್ಲಿಂದ ಎಲ್ಲಿಗೆ ಅಂತ ಹೇಳ್ರಿ. ಮತ್ತ ನೋಟ್ಸ್ ಯೂನಿಕೋಡಿನಾಗ ಕೊಡ್ರಿ." ಇಡೀ ತರಗತಿ ನಕ್ಕಿತಂತೆ. ಸರ್ ಸಿಟ್ಟಾದರೆ? ಆಂತರಿಕ ಅಂಕ ಅವರ ಕೈಯಲ್ಲಿವೆ. ಕ್ಷಮೆ ಕೇಳು ಎಂದು ಮೆಸೇಜು ಮಾಡಿದೆ. ಆ ಪರ ಊರಿನ ಹೆಂಗಸಿನ ದನಿಯಲ್ಲಿ ಫೋನು "ಕ್ಷಮೆ ಕೇಳು" ಎಂದಿತು.

"ಯಾತಕ್ಕ?" ಎಂದಳು ಆಮ್ರಾ.

ಆ ಮೆಸೇಜನ್ನು ಅಳಿಸಿದೆ.

ಜನವರಿ ೨೮, ಮಂಗಳವಾರ

ಎಲ್ಲ ಹಾಳು ಮಾಡಿಕೊಂಡೆ.

ಕಾಲೇಜು ಮುಗಿಸಿ ವಿಜಯಪುರದ ಬಸ್ ನಿಲ್ದಾಣಕ್ಕೆ ಬಂದೆವು. ಆಮ್ರಾಳನ್ನು ಕಂಬದ ಬಳಿ ನಿಲ್ಲಿಸಿ, ಕೈ ಒತ್ತಿ, ಇಲ್ಲೇ ಇರು ಎಂದು ತಿಳಿಸಿ, ನೀರಿನ ಬಾಟಲಿ ತರಲು ಚಹದ ಅಮೀನಸಾಬರ ಗಾಡಿಗೆ ಹೋದೆ. ತಿರುಗಿದರೆ ಅವಳು ಕಂಬದ ಬಳಿ ಇಲ್ಲ. ಯಾರೋ "ತಿಕೋಟಾ, ತಿಕೋಟಾ" ಎಂದು ಕೂಗಿದ್ದರು. ನಾನು ಕರೆಯಲಾರೆ ಎಂದು ಅವಳಿಗೆ ಗೊತ್ತು, ಅದಕ್ಕೇ ತಾನೇ ಆ ಕೂಗಿನ ಕಡೆ ಹೊರಟಿದ್ದಳು. ಅವಳ ಎಡಕ್ಕೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಡ್ರೈವರಿಗೆ ಅವಳು ಕಾಣಿಸುವ ಹಾಗೇ ಇರಲಿಲ್ಲ.

ಚಪ್ಪಾಳೆ ಹೊಡೆದೆ. ಆ ಗದ್ದಲದಲ್ಲಿ ಚಪ್ಪಾಳೆ ಯಾರಿಗೆ ಕೇಳಬೇಕು? ಮತ್ತೆ ಹೊಡೆದೆ. ಬಸ್ಸು ಬರುತ್ತಲೇ ಇತ್ತು. ಆಮ್ರಾ ನಡೆಯುತ್ತಲೇ ಇದ್ದಳು.

"ಆಮ್ರಾ!"

ಒದರಿದ್ದು ನಾನೇ. ತಗಡು ಹರಿದಂಥ ಸದ್ದು. ಗಂಟಲಲ್ಲಿ ಬೆಂಕಿ ಹೊತ್ತಿತು. ಅವಳು ನಿಂತಳು. ಅಮೀನಸಾಬರು ಓಡಿ ಹೋಗಿ ಬಸ್ಸಿನ ಮೈಮೇಲೆ ಕೈಯಿಂದ ಬಡಿದು, "ಏ ತಡೀಯೋ! ಹುಡುಗಿ ಐತಿ!" ಎಂದರು. ಬಸ್ಸು ನಿಂತಿತು. ನಡುವೆ ಒಂದು ಮೊಳ ಜಾಗ ಇತ್ತೋ ಇಲ್ಲವೋ.

ನಾನು ಹೋಗಿ ಅವಳನ್ನು ತಬ್ಬಿಕೊಂಡೆ. ಅವಳು ನನ್ನ ಬಳೆ ಮುಟ್ಟಿ ಗುರುತು ಹಿಡಿದಳು. ಅಳುತ್ತಾ ಕೇಳಿದಳು: "ಅವ್ವಾ, ಯಾರೋ ನನ್ನ ಹೆಸರ ಹಿಡದು ಒದರಿದ್ರಲ್ಲ. ಯಾರವರು?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ. ಮನೆಗೆ ಬಂದ ಮೇಲೆ ಅವಳಿಗೇ ಹೊಳೆಯಿತು. "ಅದು ನೀನ ಏನು?"

ಒಂದು ಚಪ್ಪಾಳೆ.

ನನ್ನ ಮಗಳಿಗೆ ನನ್ನ ದನಿಯ ಗುರುತು ಸಿಗಲಿಲ್ಲ.

ಜನವರಿ ೨೯, ಬುಧವಾರ

ಡಾಕ್ಟರು ಗಂಟಲಿಗೆ ನಳಿಗೆ ಇಳಿಸಿ ನೋಡಿದರು. ಬಾವು ಬಂದಿದೆ, ಗಂಟು ತೆಗೆದ ಜಾಗ ಕೆಂಪಾಗಿದೆ, ಮಾತು ಇನ್ನೂ ಮುಂದಕ್ಕೆ ಹೋಯಿತು. ಬೈಯಲಿಲ್ಲ. ಆಮ್ರಾ ನಡೆದದ್ದನ್ನು ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಹುಬ್ಬಳ್ಳಿಯಿಂದ ಇನ್ನೂ ಏನೂ ಬಂದಿಲ್ಲ.

ಆಮ್ರಾ ಅಲ್ಲಿಂದ ನೇರ ಅಕೀಬ ಸರ್ ಹತ್ತಿರ ಹೋಗಿ ಬಿಳಿ ಕೋಲು ಬೇಕು ಎಂದಳು. ಕೋಲು ಹಿಡಿದರೆ ಜನ ನೋಡುತ್ತಾರೆ ಎಂದು ನಾನು ಇಷ್ಟು ವರ್ಷ ಬೇಡ ಎನ್ನುತ್ತಿದ್ದೆ. ಎರಡು ಚಪ್ಪಾಳೆ ಹೊಡೆಯಲು ಕೈ ಎತ್ತಿದೆ. ಹಾಗೇ ಇಳಿಸಿದೆ.

ಫೆಬ್ರುವರಿ ೨, ಭಾನುವಾರ

ಬಬಲೇಶ್ವರಕ್ಕೆ ತವರಿಗೆ ಹೋಗಿದ್ದೆ. ನನ್ನ ಅವ್ವ ಸಾವಂತ್ರವ್ವ ನನ್ನ ಗಂಟಲನ್ನೇ ನೋಡುತ್ತಾ ಕೂತಿದ್ದಳು. ಅಪ್ಪ ಪರಸಪ್ಪನಿಗೂ ಹೀಗೇ ಶುರುವಾಗಿತ್ತು. ಮೊದಲು ದನಿ ಒಡೆಯಿತು. ಕಡೆಯ ತಿಂಗಳಲ್ಲಿ ಏನು ಹೇಳುತ್ತಾನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ತಂಬಾಕು ತಿನ್ನುತ್ತಿದ್ದ, ನಾನು ತಿನ್ನುವುದಿಲ್ಲ. ಈ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೋ.

ಅವ್ವ ಆ ರೋಗದ ಹೆಸರು ಹೇಳಲಿಲ್ಲ. "ಊಟಾ ಮಾಡು" ಎಂದಳು, ಅಷ್ಟೇ. ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ಕೊಟ್ಟಳು. ಅಪ್ಪನಿಗೂ ಹಾಗೇ ಕೊಡುತ್ತಿದ್ದಳು. ನನಗೆ ನುಂಗಲಾಗಲಿಲ್ಲ. ನುಂಗಲಾಗದ್ದು ಭಯದಿಂದಲೋ, ಬೇರೆ ಯಾವುದರಿಂದಲೋ?

ಹಣಮಂತರಾಯ ಸರ್ ಕೊನೆಯ ಎರಡು ಪಾಠಗಳ ನೋಟ್ಸ್ ಕಳಿಸಿದ್ದಾರೆ. ಯೂನಿಕೋಡಿನಲ್ಲಿದೆ. ಜೊತೆಗೆ ಒಂದು ಸಾಲು: 'ಮೇಡಂ, ಇದು ನನಗೆ ಗೊತ್ತಿರಲಿಲ್ಲ. ಚಿತ್ರಗಳಿಗೆ ವಿವರಣೆ ಹೇಗೆ ಬರೆಯಬೇಕು, ಒಂದು ಮಾದರಿ ಕಳಿಸಿ.' ನನ್ನದನ್ನೇ ಕಳಿಸಿದೆ. ಕಳಿಸಿದ ಮೇಲೆ ಕಾಗುಣಿತದ ತಪ್ಪು ಕಂಡು ನಾಚಿಕೆಯಾಯಿತು.

ಫೆಬ್ರುವರಿ ೪, ಮಂಗಳವಾರ

ಸಂಜೆ ಮನೆಯ ಮಾಳಿಗೆಯಿಂದ ಇಳಿದು ಬರುವಾಗ ಒಳಗಿನಿಂದ ನನ್ನ ದನಿ ಕೇಳಿಸಿತು. ನನ್ನ ಮೊದಲಿನ ದನಿ. ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆಮ್ರಾ ಹಳೆಯ ಪಾಠ ಹಚ್ಚಿಕೊಂಡು ಕೇಳುತ್ತಿದ್ದಳು. ಅದು ಮುಗಿದು ಹೋದ ಸೆಮಿಸ್ಟರಿನ ಇತಿಹಾಸದ ಪಾಠ. ಪರೀಕ್ಷೆ ತಲೆಯ ಮೇಲೆ ಇರುವಾಗ ಅದನ್ನು ಯಾಕೆ ಕೇಳುತ್ತಾಳೆ? ಸತ್ತವರ ದನಿಯನ್ನು ಕೇಳುವ ಹಾಗೆ ಕೇಳುತ್ತಿದ್ದಾಳೆ ಅನ್ನಿಸಿತು. ಒಳಗೆ ಹೋಗಿ ಫೋನು ಕಸಿದುಕೊಂಡೆ.

"ಕೊಡು ಬೇ" ಎಂದಳು. "ಪಾಠ ಅಲ್ಲ ನಾ ಕೇಳಾಕತ್ತಿದ್ದು. ನಡುನಡುವ ನೀ ಕೆಮ್ಮೀದಿ. ಒಂದ್ ಕಡೆ 'ಏ ಹಾಲ ಉಕ್ಕಿತು' ಅಂದು ಎದ್ದ ಓಡಿ ಹೋದಿ. ಅದನ್ನ ಕೇಳಾಕತ್ತೇನಿ."

ಫೋನು ತಿರುಗಿ ಕೊಟ್ಟೆ. ಇಬ್ಬರೂ ಕೂತು ಕೇಳಿದೆವು. ಹಾಲು ಉಕ್ಕಿತು.

ಫೆಬ್ರುವರಿ ೬, ಗುರುವಾರ

ಇವರು ಪುಣೆಗೆ ಹೋಗಿದ್ದರು. ಆಮ್ರಾ ಬೆಳಿಗ್ಗೆ ಗೆಳತಿಯೊಡನೆ ಕಾಲೇಜಿಗೆ ಹೋದವಳು ದಿನದ ಬಸ್ಸಿಗೆ ಬರಲಿಲ್ಲ. ನಾನು ನಿಲ್ದಾಣದಲ್ಲಿ ನಿಂತೆ. ಮುಂದಿನ ಬಸ್ಸಿಗೂ ಇಲ್ಲ. ಮೆಸೇಜು ಮಾಡಿದೆ, ಉತ್ತರವಿಲ್ಲ. ಗೆಳತಿ ಮಾತ್ರ ಇಳಿದಳು. "ಮಧ್ಯಾಹ್ನನ ಎಲ್ಲೋ ಹೋದಳ್ರಿ, ನನಗ ಬರಬ್ಯಾಡ ಅಂದಳು" ಎಂದಳು. ಆ ಹಿಂದಕ್ಕೆ ಬರುವ ಬಸ್ಸು ಕಣ್ಣ ಮುಂದೆ ಬಂತು. ನಾನು ಯಾರನ್ನು ಕೇಳಲಿ, ಹೇಗೆ ಕೇಳಲಿ? ಅಂಗಡಿಯವರು, ದ್ರಾಕ್ಷಿ ಬುಟ್ಟಿ ಇಳಿಸುವವರು ಎಲ್ಲ ನನ್ನನ್ನು ನೋಡುತ್ತಿದ್ದರು. ಮೂಕಿಯ ಹಾಗೆ ನಿಂತಿದ್ದೆ.

ಹೊತ್ತು ಇಳಿಯುವಾಗ ಬಂದ ಬಸ್ಸಿನ ಬಾಗಿಲಲ್ಲಿ ಮೊದಲು ಬಿಳಿ ಕೋಲು ಕಂಡಿತು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವಳು ನನ್ನನ್ನು ಕೂರಿಸಿದಳು. "ಅವ್ವಾ, ರಿಪೋರ್ಟ್ ಬಂದೈತಿ. ನನ್ನ ಫೋನಿಗೆ ಬಂತು. ನಾ ಓದೇನಿ."

ಅವಳ ಮೊಣಕೈ ಹಿಡಿದೆ.

"ಕ್ಯಾನ್ಸರ್ ಇಲ್ಲ." ಆ ಹೆಸರನ್ನು ಈ ಮನೆಯಲ್ಲಿ ಮೊದಲ ಸಲ ಹೇಳಿದವಳು ಅವಳು. "ತಡಿ, ಪೂರಾ ಕೇಳು. ಇಂಗ್ಲಿಷಿನಾಗ ಒಂದ್ ಶಬ್ದ ಇತ್ತು, ನನಗ ತಿಳೀಲಿಲ್ಲ. ಮನಿಗೆ ತಂದು ನಿನಗ ಅರ್ಧಮರ್ಧ ಹೇಳಿದ್ರ ನೀ ಹೆದರಿ ಸಾಯ್ತಿ ಅಂತ, ಆಟೋ ಹಿಡದು ಡಾಕ್ಟರ್ ಹಂತ್ಯಾಕ ಹೋಗಿದ್ದೆ. ಭಾಳ ಮಂದಿ ಇದ್ದರು, ಕುಂದರಬೇಕಾತು. ಅಲ್ಲಿ ಫೋನಿನ ಚಾರ್ಜ್ ಹೋತು. ಅವರು ಹೇಳಿದ್ದು ಏನಂದ್ರ, ಅಲ್ಲಿನ ಜೀವಕೋಶ ಬದಲಾಗಾಕ ಶುರು ಮಾಡ್ಯಾವು. ಅವನ್ನ ಪೂರಾ ತಗದಾರ. ಆದ್ರ ಮತ್ತ ಬರಬಹುದು. ಮೂರು ತಿಂಗಳಿಗೊಮ್ಮೆ ನೋಡಿಸಬೇಕು. ದನಿ ಮೊದಲಿನಂಗ ಆಗೂದಿಲ್ಲ."

ಫೋನನ್ನು ಚಾರ್ಜಿಗೆ ಹಚ್ಚಿ ರಿಪೋರ್ಟನ್ನು ನನಗೂ ಓದಿಸಿದಳು. ಅವಳು ಕೇಳುವ ವೇಗದಲ್ಲಿ ನ‌ನಗೆ ಒಂದು ಮಾತೂ ತಿಳಿಯಲಿಲ್ಲ, ಜೋಳ ಹುರಿದ ಹಾಗೆ ಚಟಪಟ ಎಂದಿತು. ನನಗಾಗಿ ನಿಧಾನ ಮಾಡಿದಳು. ಸಾಲು ಸಾಲು ನಿಲ್ಲಿಸಿ ಕನ್ನಡದಲ್ಲಿ ಹೇಳಿದಳು. ನಾನು ತಲೆ ತಗ್ಗಿಸಿ ಕೂತು ಕೇಳಿದೆ.

ಮತ್ತೆ ಬರಬಹುದು. ಆ ಮಾತು ಹೋಗುತ್ತಿಲ್ಲ.

ಫೆಬ್ರುವರಿ ೧೧, ಮಂಗಳವಾರ

ಅರ್ಥಶಾಸ್ತ್ರದ ಪರೀಕ್ಷೆ ಮುಗಿಯಿತು. ನಾನು ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದೆ. ಅವಳು ಹೇಳಿದ್ದನ್ನು ಬರೆಯಲು ಕಾಲೇಜಿನವರು ಮೊದಲ ವರ್ಷದ ಶೈಲಶ್ರೀ ಎಂಬ ಹುಡುಗಿಯನ್ನು ಕೊಟ್ಟಿದ್ದರು. ಬೇಡಿಕೆಯ ರೇಖೆ ಬಂದಿತ್ತಂತೆ. ಆಮ್ರಾ, "ಎಡಕ್ಕ ಮ್ಯಾಲಿಂದ ಶುರು ಮಾಡು, ಬಲಕ್ಕ ಕೆಳಗ ಇಳಸು" ಎಂದು ಹೇಳಿ ಬರೆಸಿದ್ದಾಳೆ. "ಆಕಿ ಹ್ಯಾಂಗ ತಗದಾಳೋ ಆಕಿಗೇ ಗೊತ್ತು" ಎಂದು ನಕ್ಕಳು.

ಆದರೆ ಕೊನೆಯ ಪಾಠದ ಕೋಷ್ಟಕದಿಂದ ದೊಡ್ಡ ಪ್ರಶ್ನೆಯೇ ಬಂದಿತ್ತು. ಆ ಕೋಷ್ಟಕವನ್ನು ನಾನು ಸಾಲು, ಕಂಬ ಸರಿಯಾಗಿ ಕೂರಿಸಿರಲಿಲ್ಲ. ಫೋನು ಅಂಕಿಗಳನ್ನೆಲ್ಲ ಕಲಸಿ ಓದುತ್ತಿತ್ತು. ರಿಪೋರ್ಟು ಬಂದ ಮೇಲೆ ನಾಲ್ಕು ದಿನ ನಾನು ಕೆಲಸವನ್ನೇ ಮುಟ್ಟಿರಲಿಲ್ಲ. ಆ ಪ್ರಶ್ನೆಯನ್ನು ಅವಳು ಬಿಟ್ಟು ಬಂದಿದ್ದಾಳೆ. ಹೇಳುವಾಗ ಅವಳ ದನಿಯಲ್ಲಿ ಬೇಸರವಿತ್ತು. ಅದನ್ನು ಮುಚ್ಚಲಿಲ್ಲ. ನಾನು ಅವಳ ಕೈ ಹಿಡಿದೆ.

"ಇರ್ಲಿ, ಪಾಸ್ ಅಂತೂ ಆಗತೇನಿ" ಎಂದಳು. "ಮುಂದಿನ ಸಲ ಕೋಷ್ಟಕ ಮೊದಲ ಮಾಡು."

ಮುಂದಿನ ಸಲ ಎಂದಳು. ನಾನು ಇರುತ್ತೇನೆ ಎಂದು ಅವಳಿಗೆ ಅಷ್ಟು ಸಲೀಸು.

ಫೆಬ್ರುವರಿ ೧೫, ಶನಿವಾರ

ಡಾಕ್ಟರು ದಿನಕ್ಕೆ ಐದು ನಿಮಿಷ ಮಾತಾಡಲು ಒಪ್ಪಿದ್ದಾರೆ. ಮೆಲ್ಲಗೆ, ಒತ್ತಡವಿಲ್ಲದೆ. ಆಸ್ಪತ್ರೆಯಲ್ಲೇ ಇವರು, "ಏನರ ಅನ್ನು, ಕೇಳೂನು" ಎಂದು ಮುಂದೆ ಬಂದು ನಿಂತರು. ನಾನು ಬೇಡ ಎಂದು ಕೈ ಮಾಡಿದೆ. ಎಲ್ಲರ ಮುಂದೆ ಆ ತಗಡಿನ ಸದ್ದು ಬರುವುದು ನನಗೆ ಬೇಕಿರಲಿಲ್ಲ.

ಊಟವಾದ ಮೇಲೆ ಆಮ್ರಾಳ ಹತ್ತಿರ ಕೂತೆ. ಮುಂದಿನ ಸೆಮಿಸ್ಟರಿನ ಪುಸ್ತಕ ಕೈಯಲ್ಲಿತ್ತು. ಮೊದಲ ಪುಟವನ್ನಾದರೂ ನಾನೇ ಓದಿ ಕೊಡೋಣ ಎಂದುಕೊಂಡಿದ್ದೆ. ಪುಟ ತಿರುವಿದ ಸಪ್ಪಳಕ್ಕೆ ಅವಳು ಕೈ ಚಾಚಿ ಪುಸ್ತಕ ಮುಚ್ಚಿದಳು.

"ಪಾಠ ಬ್ಯಾಡ ಬೇ. ಪಾಠ ನಾ ಓದಕೋತೇನಿ. ಐದ ನಿಮಿಷ ಐತಿ, ಸುಮ್ನ ಮಾತಾಡು."

ಏನು ಮಾತಾಡಲಿ? ಇಪ್ಪತ್ತು ವರ್ಷದಿಂದ ನಾನು ಇವಳೊಡನೆ ಮಾತಾಡಿದ್ದೆಲ್ಲ ಪುಸ್ತಕದ್ದು, ಇಲ್ಲವಾದರೆ ಹುಷಾರು, ನಿಲ್ಲು, ಕೈ ಹಿಡಿ, ಅಷ್ಟೇ. ಕಡೆಗೆ ಬಾಯಿ ತೆರೆದಾಗ ಬಂದದ್ದು ನಾನು ಅಂದುಕೊಂಡ ಮಾತೇ ಅಲ್ಲ.

"ಆಮ್ರಾ, ನನಗ ಭಾಳ ಹೆದರಿಕಿ ಆಗೈತಿ."

ಒಡೆದ, ಗೊಗ್ಗರು ದನಿ. ಕೇಳಿ ನನಗೇ ಅಳು ಬಂತು. ಅವಳು ಸರಿದು ಬಂದು ತನ್ನ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು. ಬೆರಳನ್ನು ಮೆಲ್ಲಗೆ ನನ್ನ ಗಂಟಲ ಮೇಲೆ ಇಟ್ಟಳು.

"ನನಗೂ ಆಗೈತಿ" ಎಂದಳು. "ಇನ್ನೊಮ್ಮೆ ಹೇಳು. ಈ ದನಿ ನನಗ ಇನ್ನ ಗುರುತ ಆಗಿಲ್ಲ. ಕಲಕೋತೇನಿ."

ಇನ್ನೊಮ್ಮೆ ಹೇಳಿದೆ.